ಕರಡಿ ಮರಿ ಕಣ್ಣು ಬಿಡುವ ಮುನ್ನ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಇಂಥ ಗುಡ್ಡಗಳ ಗವಿಯಲ್ಲಿ ಹುಟ್ಟುವ ಕರಡಿ ಮರಿ ಮೂರು ವಾರದಷ್ಟು ಕಾಲ ಕಣ್ಣು ಬಿಡುವುದೇ ಇಲ್ಲ. ನಾಯಿ, ಬೆಕ್ಕು, ಇಲಿಗಳ ಮರಿಗಳೂ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಬೆಳಕನ್ನೇ ಕಾಣದ ಕಣ್ಣಿನಿಂದ ಹೊರಟ ಸಾವಿರಾರು ನರತಂತುಗಳು ಮಿದುಳಿನಲ್ಲಿ ತಮ್ಮ ತಮ್ಮ ಜಾಗ ಹಿಡಿಯುವುದು ಹೇಗೆ?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಇಲಿಯಲ್ಲಿ. ಇನ್ನೂ ಹುಟ್ಟದ ಇಲಿ ಮರಿಯ ಅಕ್ಷಿಪಟಲದ ನರಕೋಶಗಳು ತಾವಾಗಿಯೇ ವಿದ್ಯುತ್ ಸಂಕೇತ ಹೊಮ್ಮಿಸುವುದನ್ನು 1988ರಲ್ಲಿ ಇಟಲಿಯ ಲೂಸಿಯಾ ಗಲ್ಲಿ ಮತ್ತು ಲಾಂಬರ್ಟೊ ಮಾಫೈ ದಾಖಲಿಸಿದರು. 1991ರಲ್ಲಿ ಅಮೆರಿಕದ ಕಾರ್ಲಾ ಶಾಟ್ಸ್ ಮತ್ತು ಸಂಗಡಿಗರು ಫೆರೆಟ್ ಎಂಬ ಸಣ್ಣ ಸಸ್ತನಿಯ ಎಳೆ ಮರಿಯ ಅಕ್ಷಿಪಟಲವನ್ನು ಎಲೆಕ್ಟ್ರೋಡ್‌ಗಳ ಮೇಲೆ ಹರಡಿ ನೋಡಿದಾಗ ಇನ್ನೂ ಸೊಗಸಾದ ಸಂಗತಿ ಕಂಡಿತು. ಜೋಳದ ಹೊಲದ ಮೇಲೆ ಗಾಳಿ ಹಾದುಹೋದಂತೆ, ಮಿಡಿತ ಒಂದು ಕಡೆ ಎದ್ದು ಅಲೆಯಾಗಿ ಹರಿಯುತ್ತಿತ್ತು. ಕೆಲವು ಸೆಕೆಂಡು ಅಲೆ, ಆಮೇಲೆ ಬಿಡುವು, ಮತ್ತೆ ಇನ್ನೆಲ್ಲಿಂದಲೋ ಅಲೆ.

ಮಿದುಳಿಗೆ ಬೇಕಾದ ಸುಳಿವು ಇರುವುದು ಈ ಅಲೆಯಲ್ಲೇ. ನೆರೆಹೊರೆಯ ಕೋಶಗಳು ಒಟ್ಟಿಗೆ ಮಿಡಿಯುತ್ತವೆ, ದೂರದವು ಬೇರೆ ಹೊತ್ತಿನಲ್ಲಿ. ಜೊತೆಯಾಗಿ ಬಂದ ಸಂಕೇತಗಳ ಬೆಸುಗೆ ಗಟ್ಟಿಯಾಗುತ್ತದೆ, ಉಳಿದದ್ದು ಸಡಿಲವಾಗುತ್ತದೆ. ಎಡಗಣ್ಣು, ಬಲಗಣ್ಣುಗಳ ಅಲೆಗಳು ಬಹುಮಟ್ಟಿಗೆ ಬೇರೆ ಬೇರೆ ಸಮಯಕ್ಕೆ ಏಳುವುದರಿಂದ ಎರಡರ ತಂತುಗಳೂ ಮಿದುಳಿನಲ್ಲಿ ಬೇರೆ ಪದರಗಳಾಗಿ ವಿಂಗಡವಾಗುತ್ತವೆ. ಔಷಧ ಹಾಕಿ ಮಿಡಿತ ಕೆಡಿಸಿದರೆ ಆ ವಿಂಗಡಣೆ ಕಲಸಿಹೋಗುತ್ತದೆ.

ಕಣ್ಣಿಗೆ ಮಾತ್ರ ಸೇರಿದ ಮಾತಲ್ಲ ಇದು. ಕಾವಿಗಿಟ್ಟ ಕೋಳಿಮೊಟ್ಟೆಯಲ್ಲಿ ನಾಲ್ಕನೇ ದಿನದ ಹೊತ್ತಿಗೇ ಭ್ರೂಣ ಕತ್ತು ಕೊಂಕಿಸತೊಡಗುತ್ತದೆ. ಮುಟ್ಟಿದರೆ ಸ್ಪಂದಿಸುವುದು ಇನ್ನೂ ಕೆಲವು ದಿನ ಕಳೆದ ಮೇಲೆ. ಜರ್ಮನಿಯ ವಿಲ್ಹೆಲ್ಮ್ ಪ್ರೇಯರ್ 1885ರಲ್ಲೇ ಇದನ್ನು ಬರೆದಿಟ್ಟಿದ್ದರು. 1966ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ತಂಡ, ಕಾಲಿನಿಂದ ಸ್ಪರ್ಶದ ಸುದ್ದಿ ತರುವ ನರಗಳು ಬೆಳೆಯದಂತೆಯೇ ಮಾಡಿತು. ಆದರೂ ಭ್ರೂಣ ಕಾಲಾಡಿಸುವುದನ್ನು ಬಿಡಲಿಲ್ಲ. ಆ ಚಲನೆ ವ್ಯರ್ಥವೂ ಅಲ್ಲ: ಭ್ರೂಣವನ್ನು ಔಷಧದಿಂದ ನಿಶ್ಚಲಗೊಳಿಸಿದರೆ ಕೀಲುಗಳೇ ಸರಿಯಾಗಿ ರೂಪುಗೊಳ್ಳುವುದಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವತ್ಸಲಾ ತಿರುಮಲೈ ಅವರ ಪ್ರಯೋಗಾಲಯ, ಬೆಳೆಯುವ ನರಜಾಲವನ್ನು ಜೀಬ್ರಾಮೀನಿನ ಪಾರದರ್ಶಕ ಮರಿಗಳಲ್ಲಿ ನೋಡುತ್ತಿದೆ. ಈ ಮೀನಿನ ಭ್ರೂಣ, ಮೊಟ್ಟೆ ಫಲಿತಗೊಂಡ ಹದಿನೇಳೇ ಗಂಟೆಯಲ್ಲಿ ಬಾಲ ಸುರುಳಿ ಸುತ್ತತೊಡಗುತ್ತದೆ.

ಅಕ್ಷಿಪಟಲದ ಆರಂಭದ ಅಲೆಗಳನ್ನು ಕೋಶದಿಂದ ಕೋಶಕ್ಕೆ ದಾಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಹೋಗಿ ಕೂರುವ ಗ್ರಾಹಕಗಳ ಮೇಲೆಯೇ ನಿಕೋಟಿನ್ ಕೂಡ ಕೂರಬಲ್ಲದು. ಬಸುರಿ ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಮೆದ್ದರೆ ನಿಕೋಟಿನ್ ಮಾಸುಚೀಲ ದಾಟಿ ಮಗುವಿನ ರಕ್ತ ಸೇರುತ್ತದೆ. ನರಜಾಲ ತನ್ನನ್ನು ತಾನೇ ಹೆಣೆದುಕೊಳ್ಳುತ್ತಿರುವ ತಿಂಗಳುಗಳವು.