ಹಿಂದಿನ ಸೀಟಿನ ಮಕ್ಕಳು, ಕಿವಿಯೊಳಗಿನ ನೀರು

ಸಾಲು ರಜೆ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಕಾರುಗಳೆಲ್ಲ ಊರಿನ ದಾರಿ ಹಿಡಿಯುತ್ತವೆ. ವೈಟ್‌ಫೀಲ್ಡಿನಿಂದ ಹಾಸನಕ್ಕೋ ಮಂಗಳೂರಿಗೋ ಹೊರಟವರು ಮೊದಲು ಬೆಂಗಳೂರನ್ನೇ ದಾಟಬೇಕು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಈ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಅದಕ್ಕಿಂತ ನಿಧಾನವಾಗಿದ್ದದ್ದು ಲಂಡನ್ ಒಂದೇ. ನೆಲಮಂಗಲ ಬರುವಷ್ಟರಲ್ಲಿ ಹಿಂದಿನ ಸೀಟಿನವರ ತಾಳ್ಮೆ ಮುಗಿದಿರುತ್ತದೆ, ಟ್ಯಾಬು ಹೊರಬರುತ್ತದೆ. ಒಂದೂವರೆ ವರ್ಷದ ಕೂಸು ಅದನ್ನು ನೋಡಿಕೊಂಡು ಹಾಯಾಗಿರುತ್ತದೆ. ಒಂಬತ್ತು ವರ್ಷದ ಅಕ್ಕ ಹತ್ತು ನಿಮಿಷಕ್ಕೇ ಬಿಳಿಚಿಕೊಂಡು, "ಅಮ್ಮಾ, ಹೊಟ್ಟೆ ತೊಳಸ್ತಿದೆ" ಅನ್ನುತ್ತಾಳೆ. ಕಾರು ಒಂದೇ, ರಸ್ತೆ ಒಂದೇ, ಪರದೆಯೂ ಒಂದೇ. ಯಾಕೆ ಹೀಗೆ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಕಾರಿನಲ್ಲಿ ಖುಷಿಯಾಗಿಡುವುದು ಹೇಗೆ ಎಂದು ಹೆತ್ತವರು ಕೇಳುತ್ತಲೇ ಇರುತ್ತಾರೆ. ನನ್ನ ಮಟ್ಟಿಗೆ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ: ಮಗುವಿನ ಒಳಗಿವಿಯಲ್ಲಿ. ಅದರ ಕೆಲಸ ತಿಳಿದರೆ ಯಾವ ವಯಸ್ಸಿಗೆ ಯಾವ ಆಟ ಎಂಬುದು ತಾನಾಗಿ ಹೊಳೆಯುತ್ತದೆ.

ಒಂದು ಚೊಂಬಿನಲ್ಲಿ ನೀರು ತುಂಬಿ, ಮೇಲೊಂದು ತುಳಸಿ ಎಲೆ ತೇಲಿಬಿಡಿ. ಚೊಂಬನ್ನು ಗಕ್ಕನೆ ಒಂದು ಪಕ್ಕಕ್ಕೆ ತಿರುಗಿಸಿ. ಚೊಂಬು ತಿರುಗುತ್ತದೆ, ಎಲೆ ಮಾತ್ರ ಇದ್ದಲ್ಲೇ ನಿಂತಿರುತ್ತದೆ. ಒಂದೇ ಸಮನೆ ತಿರುಗಿಸುತ್ತಾ ಹೋದರೆ ನಿಧಾನಕ್ಕೆ ನೀರೂ ಚೊಂಬಿನ ಜೊತೆ ಸೇರಿಕೊಂಡು ಎಲೆಯನ್ನೂ ಸುತ್ತಿಸುತ್ತದೆ. ಈಗ ಥಟ್ಟನೆ ನಿಲ್ಲಿಸಿ: ಚೊಂಬು ನಿಂತರೂ ಎಲೆ ಇನ್ನೂ ಸುತ್ತುತ್ತಿರುತ್ತದೆ. ನಮ್ಮ ಒಂದೊಂದು ಕಿವಿಯೊಳಗೂ ಇಂಥ ನೀರು ತುಂಬಿದ ಮೂರು ನಾಳಗಳು, ಒಂದಕ್ಕೊಂದು ಅಡ್ಡಲಾಗಿ, ಬಳೆಯ ಆಕಾರದಲ್ಲಿ ಕೂತಿವೆ. ಎಲೆಯ ಜಾಗದಲ್ಲಿ ಅಲ್ಲೊಂದು ಮೆತ್ತನೆಯ ಪರದೆ ಇದೆ. ತಲೆ ತಿರುಗಿದಾಗ ಹಿಂದುಳಿದ ನೀರು ಅದನ್ನು ಬಾಗಿಸುತ್ತದೆ, ಬಾಗಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಚೊಂಬಿನ ನೀರು ಎರಡು ಸಲ ಮೋಸ ಮಾಡಿದ್ದನ್ನು ಗಮನಿಸಿ. ಒಂದೇ ಸಮನೆ ತಿರುಗುತ್ತಿದ್ದಾಗ ಏನೂ ಆಗುತ್ತಿಲ್ಲವೆಂದಿತು, ನಿಂತ ಮೇಲೆ ತಿರುಗುತ್ತಿದ್ದೇನೆ ಎಂದಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಗುವಿನ ಕಿವಿಯೊಳಗೆ ನಡೆಯುವುದೂ ಇದೇ. ನೇರ ರಸ್ತೆಯಲ್ಲಿ ಓಡುವಾಗ, ಬ್ರೇಕು ಬಿದ್ದಾಗ ಸುದ್ದಿ ಕೊಡಲು ಬೇರೆಯದೇ ವ್ಯವಸ್ಥೆ ಇದೆ: ಅಂಟಿನಂಥ ಪದರದ ಮೇಲೆ ಕೂತ ಸಣ್ಣ ಸುಣ್ಣದ ಹರಳುಗಳು. ಕಾರು ಮುಂದೆ ನುಗ್ಗಿದರೆ ಅವು ಹಿಂದಕ್ಕೆ ಜಾರುತ್ತವೆ, ನಿಂತರೆ ಮುಂದಕ್ಕೆ.

ಇಷ್ಟನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ದಶಕಗಳೇ ಹಿಡಿದವು. 1824ರಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸ್ ಪಾರಿವಾಳಗಳ ಈ ನಾಳಗಳನ್ನು ಕತ್ತರಿಸಿ, ಅವು ಕಿವುಡಾಗುವ ಬದಲು ಗಿರಗಿರನೆ ಸುತ್ತಿ ಬೀಳುವುದನ್ನು ಕಂಡ. ಆದರೂ ಕಿವಿಗೆ ಕೇಳುವುದಲ್ಲದೆ ಬೇರೆ ಕೆಲಸವಿದೆಯೆಂದು ನಂಬಲು ಬಹಳ ಕಾಲ ಯಾರೂ ತಯಾರಿರಲಿಲ್ಲ. 1870ರ ದಶಕದಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ರೈಲಿನಲ್ಲಿ ಹೋಗುತ್ತಿದ್ದಾಗ, ಹಳಿ ಬಾಗಿದ ಕಡೆ ಹೊರಗಿನ ಮನೆ ಮರಗಳೆಲ್ಲ ವಾಲಿದಂತೆ ಕಂಡವು. ಕಿಟಕಿಯಾಚೆ ನೋಡುವ ಎಲ್ಲ ಮಕ್ಕಳಿಗೂ ಕಾಣುವ ಆ ನೋಟವನ್ನು ಆತ ಸುಮ್ಮನೆ ಬಿಡಲಿಲ್ಲ, ತಿರುಗುವ ಕುರ್ಚಿ ಮಾಡಿಸಿ ಪ್ರಯೋಗಕ್ಕೆ ಕೂತ. ಅದೇ ಹೊತ್ತಿಗೆ ಜೋಸೆಫ್ ಬ್ರಾಯರ್ ಮತ್ತು ಕ್ರಮ್ ಬ್ರೌನ್ ತಮ್ಮತಮ್ಮ ಪಾಡಿಗೆ ಇದೇ ತೀರ್ಮಾನಕ್ಕೆ ಬಂದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲಿ ಪ್ರಕಟಿಸಿದ ಕೆಲಸ. ಒಳಗಿವಿಯೇ ಹಾಳಾದವರಿಗೆ ತಲೆ ಸುತ್ತುವುದೇ ಎಂದು ಆತ ಕಿವುಡ ಮೂಕ ಶಾಲೆಗಳಲ್ಲಿ ವಿಚಾರಿಸಿದ. ಸುತ್ತಿಸಿ ನೋಡಿದ 519 ಮಂದಿಯಲ್ಲಿ 186 ಮಂದಿಗೆ ತಲೆಸುತ್ತೆಂಬುದೇ ಗೊತ್ತಿರಲಿಲ್ಲ. 1968ರಲ್ಲಿ ಇನ್ನೂ ಗಟ್ಟಿ ಸಾಕ್ಷ್ಯ ಬಂತು: ಒಳಗಿವಿ ಕೆಲಸ ಮಾಡದವರನ್ನು ಉತ್ತರ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗಿನಲ್ಲಿ ಕರೆದೊಯ್ದಾಗ ಜೊತೆಯವರು ವಾಂತಿ ಮಾಡಿಕೊಂಡರೂ ಅವರಿಗೆ ಏನೂ ಆಗಲಿಲ್ಲ.

ಹಾಗಾದರೆ ಟ್ಯಾಬಿನದೇನು ತಪ್ಪು? ಪರದೆಯ ಮೇಲೆ ನಟ್ಟ ಕಣ್ಣು, ನಾನು ಅಲುಗಾಡದೆ ಕೂತಿದ್ದೇನೆ ಎಂದು ಮಿದುಳಿಗೆ ಹೇಳುತ್ತದೆ. ಸುಣ್ಣದ ಹರಳುಗಳು, ಇಲ್ಲ, ಈಗಷ್ಟೇ ಮುಂದೆ ಹೋದೆವು, ಈಗ ನಿಂತೆವು ಎನ್ನುತ್ತವೆ. 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ವಿವರವಾಗಿ ಮಂಡಿಸಿದ ಸಿದ್ಧಾಂತದ ಪ್ರಕಾರ ಹೀಗೆ ಎರಡು ಸಾಕ್ಷಿಗಳು ಒಂದಕ್ಕೊಂದು ತಾಳೆಯಾಗದಿರುವುದೇ ವಾಕರಿಕೆಯ ಮೂಲ. ಆದರೆ ಹೊಟ್ಟೆಗೂ ಇದಕ್ಕೂ ಏನು ಸಂಬಂಧ? 1977ರಲ್ಲಿ ಟ್ರೈಸ್‌ಮನ್ ಒಂದು ಉತ್ತರ ಕೊಟ್ಟ: ಕಾಡಿನ ಕಾಲದಲ್ಲಿ ಕಣ್ಣು ಕಿವಿ ಬೇರೆ ಬೇರೆ ಹೇಳಿದರೆ ವಿಷ ತಿಂದದ್ದೇ ಕಾರಣವಾಗಿರುತ್ತಿತ್ತು, ಆದ್ದರಿಂದ ಮಿದುಳು ಕಕ್ಕಿಸುತ್ತದೆ. ಚೆಂದದ ಕಥೆ, ಆದರೆ ವಿಕಾಸದ ಹೆಸರಿನಲ್ಲಿ ಬರುವ ಚೆಂದದ ಕಥೆಗಳನ್ನು ನಂಬಲು ನಾನು ಅವಸರ ಮಾಡುವುದಿಲ್ಲ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅಳೆದು ತೋರಿಸಿದ ಇನ್ನೊಂದು ಸಂಗತಿ. 1974ರಲ್ಲಿ ಒಹಾನ್ಲನ್ ಮತ್ತು ಮೆಕಾಲಿ, ಸುಮಾರು ಐದಾರು ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನದ ಚಲನೆಯೇ ಹೊಟ್ಟೆಗೆ ಎಲ್ಲಕ್ಕಿಂತ ಕೆಟ್ಟದ್ದು ಎಂದು ಕಂಡುಕೊಂಡರು. ಹಿಂದೆ ಮುಂದೆ, ಅಕ್ಕಪಕ್ಕ ತೂಗುವ ಚಲನೆಗೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ. ಗುಂಡಿ ಬಿದ್ದ ರಸ್ತೆಯ ದಡಬಡ ಕುಲುಕಾಟ ಸೊಂಟಕ್ಕೆ ಕಷ್ಟ, ಹೊಟ್ಟೆಗೆ ಅಷ್ಟಲ್ಲ. ಮಾರತ್‌ಹಳ್ಳಿಯಿಂದ ಸಿಲ್ಕ್ ಬೋರ್ಡಿನವರೆಗೆ ಔಟರ್ ರಿಂಗ್ ರೋಡಿನಲ್ಲಿ ಮೆಲ್ಲನೆ ಮುಂದೆ ಹೋಗಿ ಮೆಲ್ಲನೆ ಬ್ರೇಕು ಒತ್ತುವ ಆಟ ಮಾತ್ರ ನೇರ ಹೊಟ್ಟೆಗೇ ತಾಕುತ್ತದೆ. ಟ್ರಾಫಿಕ್ಕಿನಲ್ಲಿ ಬೇಸರವೆಂದು ಮಗುವಿಗೆ ಪರದೆ ಕೊಡುವ ಗಳಿಗೆಯೂ ಅದೇ!

ಈಗ ವಯಸ್ಸಿನ ವಿಷಯ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ತನ್ನ ಮೈ ಎತ್ತ ಸಾಗುತ್ತಿದೆ ಎಂದು ಕಣ್ಣಿನಿಂದ ಲೆಕ್ಕ ಹಾಕುವುದನ್ನು ಆ ಮಿದುಳು ಇನ್ನೂ ಪೂರ್ತಿ ಕಲಿತಿರುವುದಿಲ್ಲ, ಆದ್ದರಿಂದ ಜಗಳಕ್ಕೆ ಎರಡನೆಯ ಸಾಕ್ಷಿಯೇ ಇರುವುದಿಲ್ಲ ಎಂಬುದು ಒಂದು ವಿವರಣೆ. ಆರೇಳು ವರ್ಷದಿಂದ ತೊಂದರೆ ಏರುತ್ತಾ ಒಂಬತ್ತು ಹತ್ತರ ಹೊತ್ತಿಗೆ ತುತ್ತತುದಿ ಮುಟ್ಟಿ, ಹರೆಯದಲ್ಲಿ ಇಳಿಯುತ್ತದೆ. ಅಂದರೆ ಪುಸ್ತಕ ಓದಲು, ಮೊಬೈಲಿನಲ್ಲಿ ಆಟ ಆಡಲು ಮಗು ಹಟ ಹಿಡಿಯುವ ವಯಸ್ಸೇ ಅದನ್ನು ತಾಳಿಕೊಳ್ಳಲಾಗದ ವಯಸ್ಸು. ತಾಳಿಕೊಳ್ಳಬಲ್ಲ ಕೂಸಿಗೆ ಪರದೆ ಕೊಡಬಹುದೇ ಎಂದರೆ, ಎರಡು ವರ್ಷದೊಳಗೆ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಕೂಸಿಗೆ ಬೇಕಾದ್ದು ಪಕ್ಕದಲ್ಲಿ ಕೂತ ಒಂದು ಮುಖ, ಒಂದು ದನಿ. ಅಜ್ಜಿ ಜೊತೆಗಿದ್ದರೆ ಅರ್ಧ ಕೆಲಸ ಆದಂತೆಯೇ.

"ನಮ್ಮ ಮಗಳು ಮಂಗಳೂರಿನವರೆಗೂ ಕಾರ್ಟೂನು ನೋಡುತ್ತಾಳೆ, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ನಿಜವಿರಬಹುದು. ಮಗುವಿನಿಂದ ಮಗುವಿಗೆ ಇದು ಬಹಳ ಬೇರೆಯಾಗುತ್ತದೆ, ವಂಶದ ಪಾಲೂ ಇದೆ. ಅಂಥ ಮಗುವಿನ ಟ್ಯಾಬು ಕಿತ್ತುಕೊಳ್ಳಲು ಒಳಗಿವಿಯ ಕಾರಣ ಕೊಡಲಾಗದು. ಪೂರ್ತಿ ನಿಂತೇ ಹೋದ ಟ್ರಾಫಿಕ್ಕಿನಲ್ಲೂ ಕಣ್ಣು ಕಿವಿಗೆ ಜಗಳವಿಲ್ಲ. ಮತ್ತೆ ಕೆಲವರು ತಂತ್ರಜ್ಞಾನವೇ ಪರಿಹಾರ ಕೊಟ್ಟಿದೆಯಲ್ಲ ಎನ್ನುತ್ತಾರೆ: 2024ರಲ್ಲಿ ಆಪಲ್ ಕಂಪನಿ, ಕಾರು ಅಲುಗಿದಂತೆ ಪರದೆಯ ಅಂಚಿನಲ್ಲಿ ಚುಕ್ಕಿಗಳು ಅಲುಗುವ ಸೌಲಭ್ಯ ತಂದಿತು. ಕಣ್ಣಿಗೂ ಚಲನೆಯ ಸುದ್ದಿ ಕೊಡಬೇಕೆಂಬ ಆ ಯೋಚನೆ ಸರಿಯಾಗಿಯೇ ಇದೆ. ಆದರೆ ಕಾರಿನಲ್ಲಿ ಅದೇ ಕೆಲಸವನ್ನು ಮುಂದಿನ ಗಾಜು ಕಾಸಿಲ್ಲದೆ, ಚುಕ್ಕಿಗಳಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಮಾಡುತ್ತಿದೆ. 1999ರಲ್ಲಿ ಟರ್ನರ್ ಮತ್ತು ಗ್ರಿಫಿನ್ ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಸ್ ಪ್ರಯಾಣಿಕರನ್ನು ವಿಚಾರಿಸಿದಾಗ ಮುಂದಿನ ರಸ್ತೆ ಕಾಣದೆ ಕೂತವರಿಗೇ ಹೆಚ್ಚು ತೊಂದರೆಯಾಗಿತ್ತು.

ಕಾರು ಓಡಿಸುವವನಿಗೆ ವಾಕರಿಕೆ ಬರುವುದು ಅಪರೂಪ, ಯಾಕೆಂದರೆ ಮುಂದೇನಾಗುತ್ತದೆಂದು ಅವನಿಗೆ ಮೊದಲೇ ಗೊತ್ತು. 1991ರಲ್ಲಿ ರೋಲ್ನಿಕ್ ಮತ್ತು ಲುಬೋ ಇಬ್ಬರನ್ನು ಒಂದೇ ಯಂತ್ರದಲ್ಲಿ ತಿರುಗಿಸಿ, ಹಿಡಿತ ಒಬ್ಬರ ಕೈಗೆ ಮಾತ್ರ ಕೊಟ್ಟರು. ಸುತ್ತಾಟ ಇಬ್ಬರಿಗೂ ಒಂದೇ ಆದರೂ ಹಿಡಿತವಿಲ್ಲದವರೇ ಹೆಚ್ಚು ಬಳಲಿದರು. 2020ರಲ್ಲಿ ಕೈಪರ್ ಮತ್ತು ಸಂಗಡಿಗರು, ಮುಂದಿನ ಚಲನೆಯನ್ನು ಒಂದು ದನಿಯಿಂದ ಮೊದಲೇ ಸೂಚಿಸಿದರೂ ತೊಂದರೆ ತಗ್ಗುತ್ತದೆ ಎಂದು ತೋರಿಸಿದರು. ಇಲ್ಲಿಂದ ನನ್ನ ತೀರ್ಮಾನ ನೇರವಾಗಿ ಬರುತ್ತದೆ: ಮಗುವಿಗೆ ಮುಂದಿನ ರಸ್ತೆಯ ಉಸ್ತುವಾರಿ ವಹಿಸುವ ಆಟವೇ ಕಾರಿಗೆ ಹೇಳಿ ಮಾಡಿಸಿದ ಆಟ. ನಾಲ್ಕು ವರ್ಷದವನಿಗೆ ಓದು ಬರುವುದಿಲ್ಲ, ಬಣ್ಣ ಬರುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಹೊತ್ತಿದ ಕೂಡಲೇ "ಬ್ರೇಕ್" ಎನ್ನುವುದು ಅವನ ಕೆಲಸ. ಅವನಿಗದು ಆಟ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ಅಕ್ಕನಿಗೆ ಕೈಪರ್ ಹೇಳಿದ ಮುನ್ಸೂಚನೆ. ನಂಬರ್ ಪ್ಲೇಟಿನ ಆಟವೂ ಹಾಗೆಯೇ ಎಲ್ಲ ವಯಸ್ಸಿಗೂ ಹಿಗ್ಗುತ್ತದೆ. ಚಿಕ್ಕವರು ಹಳದಿ, ಬಿಳಿ, ಎಲೆಕ್ಟ್ರಿಕ್ ಗಾಡಿಯ ಹಸಿರು ಎಣಿಸಲಿ. ಏಳು ವರ್ಷದವರು ಅಂಕಿ ಕೂಡಿಸಲಿ. ಹತ್ತು ವರ್ಷದವರಿಗೆ ಕೆಎ 51 ಎಲೆಕ್ಟ್ರಾನಿಕ್ ಸಿಟಿ, 53 ಕೆ.ಆರ್. ಪುರ, 52 ನೆಲಮಂಗಲ, 06 ತುಮಕೂರು, 13 ಹಾಸನ, 19 ಮಂಗಳೂರು ಎಂದು ಇಡೀ ಕರ್ನಾಟಕದ ನಕ್ಷೆಯೇ ರಸ್ತೆಯ ಮೇಲೆ ಬಿಡಿಬಿಡಿಯಾಗಿ ಓಡುತ್ತಿರುತ್ತದೆ. ಪೀಣ್ಯದಿಂದ ನೆಲಮಂಗಲದವರೆಗಿನ ಲಾರಿಗಳಲ್ಲಿ ತಮಿಳುನಾಡು, ಮಹಾರಾಷ್ಟ್ರ, ಗುಜರಾತು, ರಾಜಸ್ಥಾನ ಸಿಕ್ಕೇ ಸಿಗುತ್ತವೆ. ನಾಗಾಲ್ಯಾಂಡಿನ ಎನ್‌ಎಲ್ ಇಷ್ಟೊಂದು ಯಾಕೆ ಎಂದು ದೊಡ್ಡ ಮಗು ಕೇಳಿದರೆ ತೆರಿಗೆ, ಪರ್ಮಿಟ್ಟುಗಳ ಬಗ್ಗೆ ಮಾತು ಹತ್ತುತ್ತದೆ.

ಇದಕ್ಕೆಲ್ಲ ಮಗುವಿಗೆ ಮುಂದಿನ ಗಾಜು ಕಾಣಬೇಕಲ್ಲ ಎಂಬುದು ನ್ಯಾಯವಾದ ಆಕ್ಷೇಪ. ಹಾಗೆಂದು ಮುಂದಿನ ಸೀಟಿಗೆ, ತೊಡೆಯ ಮೇಲೆ ಕೂರಿಸುವುದು ಅಪಾಯ. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಕಡ್ಡಾಯವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ, ತಪ್ಪಿದರೆ 1000 ರೂಪಾಯಿ ದಂಡ. ಹಿಂದಿನ ಸೀಟಿನಲ್ಲಿ ಎತ್ತರ ಕೊಡುವ ಬೂಸ್ಟರ್ ಸೀಟು ಇಲ್ಲಿ ಎರಡು ಕೆಲಸ ಮಾಡುತ್ತದೆ: ಬೆಲ್ಟು ಕುತ್ತಿಗೆಗೆ ಬರದೆ ಭುಜದ ಮೇಲೆ ಕೂರುತ್ತದೆ, ರಸ್ತೆಯೂ ಕಾಣುತ್ತದೆ. ಕತ್ತಲಾದ ಮೇಲೆ, ಅಥವಾ ನಡುವೆ ಕೂತವರ ತಲೆ ಅಡ್ಡ ಬಂದಾಗ, ಕೇಳಿ ಆಡುವ ಆಟಗಳಿಗೆ ಹೊರಳಬೇಕು. ಅಂತ್ಯಾಕ್ಷರಿ, ಪದಬಂಡಿ, ಒಗಟುಗಳಿಗೆ ಕಣ್ಣು ಬೇಡ. ಹಿತವಾದ ಸಂಗೀತ ವಾಕರಿಕೆಯನ್ನು ತಗ್ಗಿಸಬಲ್ಲದೆಂದು ಕೇಶವರ್ಜ್ ಮತ್ತು ಹೆಕ್ಟ್ 2014ರಲ್ಲಿ ತೋರಿಸಿದ್ದಾರೆ. ಅವರ ಪ್ರಯೋಗ ಪರದೆಯ ಮುಂದೆ ನಡೆದದ್ದು, ಓಡುವ ಕಾರಿನಲ್ಲಲ್ಲ. ಆದರೂ ಹಾಡಿನಿಂದ ಕಳೆದುಕೊಳ್ಳುವುದೇನೂ ಇಲ್ಲ.

"ಊರು ಬಂತಾ?" ಎಂಬ ಪ್ರಶ್ನೆಗೂ ವಿಜ್ಞಾನದಲ್ಲಿ ಜಾಗವಿದೆ. ಕಾಲ, ವೇಗಗಳನ್ನು ಮಕ್ಕಳು ಹೇಗೆ ಗ್ರಹಿಸುತ್ತಾರೆಂದು 1928ರಲ್ಲಿ ದಾವೋಸ್‌ನಲ್ಲಿ ಐನ್‌ಸ್ಟೈನ್ ಕೇಳಿದ ಪ್ರಶ್ನೆಯೇ ಮನೋವಿಜ್ಞಾನಿ ಜೀನ್ ಪಿಯಾಜೆಯನ್ನು ಆ ಸಂಶೋಧನೆಗೆ ಹಚ್ಚಿತು. ಪುಸ್ತಕ ಬಂದದ್ದು 1946ರಲ್ಲಿ. ಚಿಕ್ಕ ಮಕ್ಕಳು ಕಾಲವನ್ನೂ ದೂರವನ್ನೂ ಬೆರೆಸಿಕೊಳ್ಳುತ್ತಾರೆ, ಹೆಚ್ಚು ದೂರ ಹೋದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಿತು ಎನ್ನುತ್ತಾರೆ. ಐದು ವರ್ಷದವನಿಗೆ "ಇನ್ನು ಅರ್ಧ ಗಂಟೆ" ಎಂದರೆ ಏನೂ ತಿಳಿಯದು. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿ, ಕೂಡ್ಲು ಗೇಟ್, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಅತ್ತಿಬೆಲೆ ಎಂದು ಜಾಗಗಳ ಸಾಲು ಹೇಳಿ, ಒಂದೊಂದು ಬಂದಾಗಲೂ ಬೆರಳು ಮಡಿಸಲು ಬಿಟ್ಟರೆ ಅವನ ಲೆಕ್ಕಕ್ಕೆ ಸಿಗುತ್ತದೆ.

ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವ ಮೊದಲು ಮಾತ್ರ ಅಂಕಿ ಅಕ್ಷರದ ಆಟಗಳನ್ನೆಲ್ಲ ನಿಲ್ಲಿಸಬೇಕು. ಚಾಲಕರು ತಿರುವಿನ ಒಳಪಕ್ಕಕ್ಕೆ ತಲೆ ವಾಲಿಸುತ್ತಾರೆ, ಪ್ರಯಾಣಿಕರ ತಲೆ ಹೊರಪಕ್ಕಕ್ಕೆ ಎಸೆಯಲ್ಪಡುತ್ತದೆ. ಪ್ರಯಾಣಿಕರೂ ಚಾಲಕರಂತೆ ವಾಲಿದರೆ ವಾಕರಿಕೆ ತಗ್ಗುತ್ತದೆ ಎಂದು 2012ರಲ್ಲಿ ಜಪಾನಿನ ವಾಡಾ ಮತ್ತು ಸಂಗಡಿಗರು ಕಂಡುಕೊಂಡರು. ಹತ್ತು ವರ್ಷದವಳು "ಎಡಕ್ಕೆ", "ಬಲಕ್ಕೆ" ಎಂದು ಕೂಗಲಿ, ಹಿಂದಿನ ಸೀಟಿನವರೆಲ್ಲ ಬೆಲ್ಟು ಹಾಕಿಕೊಂಡೇ ಬೈಕ್ ಸವಾರರಂತೆ ಆ ಕಡೆಗೆ ತಲೆ ವಾಲಿಸಲಿ. ಕಿಟಕಿ ಎರಡು ಬೆರಳಷ್ಟು ಇಳಿಸಿರಲಿ, ಹೊಟ್ಟೆ ಬಿರಿಯುವಷ್ಟು ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ಈ ಬಗೆಯ ಮಾತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟಕ್ಕೇ ಅಪಾಯ ತರಬಲ್ಲದು. ಇನ್ನು ಆಟ ನಡೆಸುವ ಯಜಮಾನಿಕೆ ಯಾವತ್ತೂ ಹಿಂದಿನ ಸೀಟಿನ ದೊಡ್ಡವರಿಗೇ ಇರಬೇಕು, ಸ್ಟೀರಿಂಗ್ ಹಿಡಿದವರಿಗೆ ಘಾಟಿಯ ರಸ್ತೆಯೊಂದೇ ಸಾಕು.