ಸಂಸಾರವೂ ಒಂದು ವಿದ್ಯೆ: ಮಾರ್ಮನ್ ವಿದ್ವಾಂಸರು ತಿಳಿಸಿದ ಮೂರು ಮಾತು



ಸಂಸಾರ ಮಾಡುವುದನ್ನು ಯಾರೂ ಶಾಲೆಗೆ ಹೋಗಿ ಕಲಿಯುವುದಿಲ್ಲ. ನೋಡಿ ಕಲಿಯುತ್ತೇವೆ, ಪೆಟ್ಟು ತಿಂದು ಕಲಿಯುತ್ತೇವೆ. ಆದರೆ ಸಂಸಾರವನ್ನೇ ಒಂದು ವಿದ್ಯೆಯಾಗಿ ಅಧ್ಯಯನ ಮಾಡುವವರೂ ಇದ್ದಾರೆ. ಅಮೆರಿಕದಲ್ಲಿ ಈ ಕೆಲಸಕ್ಕೆ ಮಾರ್ಮನ್ ಸಮುದಾಯದವರು ಬಹಳ ಕೊಡುಗೆ ಕೊಟ್ಟಿದ್ದಾರೆ.

ಮಾರ್ಮನ್ನರು ಯಾರು?

1830ರಲ್ಲಿ ಜೋಸೆಫ್ ಸ್ಮಿತ್ ಎಂಬವರು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಧರ್ಮಸಭೆಯವರು. 1847ರಿಂದ ಯೂಟಾ ಪ್ರಾಂತ್ಯ ಇವರ ಮುಖ್ಯ ನೆಲೆ. ಕುಟುಂಬದ ಬಂಧ ಸಾವಿನ ಆಚೆಗೂ ಉಳಿಯುತ್ತದೆ ಎಂಬುದು ಇವರ ನಂಬಿಕೆ. ಒಂದು ಸಂಜೆಯನ್ನು ಮನೆಯವರಿಗಾಗಿಯೇ ಮೀಸಲಿಡಿ ಎಂದು 1915ರಲ್ಲಿ ಇವರ ಹಿರಿಯರು ಕರೆಕೊಟ್ಟರು. ಮುಂದೆ ಅದು ಪ್ರತಿ ಸೋಮವಾರದ ರೂಢಿಯಾಯಿತು.

ಯೂಟಾದ ಪ್ರೋವೋ ಪಟ್ಟಣದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇವರದೇ. ಅಲ್ಲಿ ಕುಟುಂಬ ಜೀವನದ ಅಧ್ಯಯನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿನ ವಿದ್ವಾಂಸರು ಬರೀ ಉಪದೇಶ ಮಾಡಲಿಲ್ಲ. ಜನರನ್ನು ಕೇಳಿ, ಉತ್ತರಗಳನ್ನು ಹೋಲಿಸಿ ನೋಡಿದರು. ಅವರು ಕಂಡುಕೊಂಡ ಮೂರು ಸಂಗತಿ ಇಲ್ಲಿವೆ.

1. ಹೊಡೆತಕ್ಕಿಂತ ವಿವರಣೆ ಮೇಲು

ಬಾಯ್ಡ್ ರಾಲಿನ್ಸ್ ಮತ್ತು ಡಾರ್ವಿನ್ ಥಾಮಸ್ ಎಂಬ ಪ್ರಾಧ್ಯಾಪಕರು ಮಕ್ಕಳ ಪಾಲನೆ ಕುರಿತ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 1979ರಲ್ಲಿ ಬರೆದರು. ಅಕ್ಕರೆ ತೋರಿಸಿ, "ಹೀಗೆ ಯಾಕೆ ಮಾಡಬಾರದು" ಎಂದು ಬಿಡಿಸಿ ಹೇಳುವ ಮನೆಯ ಮಕ್ಕಳು ಹೆಚ್ಚು ಸಮರ್ಥರಾಗುತ್ತಾರೆ. ಹೊಡೆತ, ಬೆದರಿಕೆ ಇರುವಲ್ಲಿ ಫಲ ಉಲ್ಟಾ.

2. ದುಡ್ಡಿನ ಜಗಳ ಸಣ್ಣದಲ್ಲ

ಈಗ ಇದೇ ವಿಶ್ವವಿದ್ಯಾಲಯದಲ್ಲಿರುವ ಜೆಫ್ರಿ ಡ್ಯೂ ಮತ್ತು ಜೊತೆಗಾರರು 4,500ಕ್ಕೂ ಹೆಚ್ಚು ಅಮೆರಿಕನ್ ದಂಪತಿಗಳ ಮಾಹಿತಿ ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಮನೆಗೆಲಸ, ಅತ್ತೆ-ಮಾವ ಹೀಗೆ ಜಗಳಕ್ಕೆ ಕಾರಣ ನೂರು. ಆದರೆ ವಿಚ್ಛೇದನದ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿದ್ದು ಹಣದ ಜಗಳ.

3. ಮಕ್ಕಳ ಕೈಗೂ ದುಡ್ಡು ಕೊಡಿ

2018ರ ಒಂದು ಅಧ್ಯಯನದಲ್ಲಿ ಅಲ್ಲಿನ ಸಂಶೋಧಕರು ಯುವಜನರನ್ನು, ಅವರ ಹೆತ್ತವರನ್ನು, ಅಜ್ಜ-ಅಜ್ಜಿಯರನ್ನು ಮಾತಾಡಿಸಿದರು. ಮಕ್ಕಳು ಹಣದ ಪಾಠ ಕಲಿಯುವ ದಾರಿ ಮೂರು: ದೊಡ್ಡವರನ್ನು ನೋಡಿ, ಮನೆಯ ಮಾತುಕತೆ ಕೇಳಿ, ತಾವೇ ಖರ್ಚು-ಉಳಿತಾಯ ಮಾಡಿ.

ಒಂದು ಎಚ್ಚರಿಕೆ: ಇವು ಮುಖ್ಯವಾಗಿ ಅಮೆರಿಕದ ಮನೆಗಳ ಕಥೆ. ಎರಡು ಸಂಗತಿ ಜೊತೆಗಿದ್ದ ಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಕಾರಣ ಎನ್ನುವಂತಿಲ್ಲ. ಆದರೂ ಯೋಚಿಸುವಂಥ ಮಾತಲ್ವಾ? ಸಂಘದಲ್ಲಿ ಪೈಸೆ ಪೈಸೆಗೂ ಲೆಕ್ಕ ಬರೆಯುವ ನಾವು ಮನೆಯಲ್ಲಿ ಸಾಲದ ವಿಷಯ ಮುಚ್ಚಿಡುವುದುಂಟು. ಮುಚ್ಚಿಟ್ಟದ್ದು ಒಂದು ದಿನ ಜಗಳವಾಗಿಯೇ ಹೊರಬರುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:
• ಸಾಲ ತೆಗೆಯುವ ಮೊದಲು ಮನೆಯಲ್ಲಿ ಯಾರ್ಯಾರ ಜೊತೆ ಮಾತಾಡುತ್ತೇವೆ?
• ಮನೆಯ ಖರ್ಚಿನ ಲೆಕ್ಕ ಮಕ್ಕಳಿಗೆ ಗೊತ್ತಿದೆಯೇ?
• ವಾರಕ್ಕೊಂದು ಸಂಜೆ ಎಲ್ಲರೂ ಕೂಡಿ ಕೂರಲು ಆಗುತ್ತದೆಯೇ?