ತಾಳೆಯಾದ ಆಟದ ಲೆಕ್ಕ

ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗನಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚು. ದಸರಾ ರಜೆಯಲ್ಲಿ ಆಟದ ನಡುವೆ ಪರದೆ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿತು. ಮರುಕ್ಷಣ ಪರದೆ ಬೆಳಗುತ್ತಿತ್ತು, ಆದರೆ ಆಟ ಮಾಯ!

“ಕಂಡದ್ದೆಲ್ಲ ಡೌನ್‌ಲೋಡ್ ಮಾಡಿ ಕೆಡಿಸಿದ್ದೀಯ. ಭಾನುವಾರ ಮಾರಿಬಿಡ್ತೀನಿ” ಎಂದು ಅವನಪ್ಪ ರೇಗಿದ. ಹುಡುಗ ಊಟ ಬಿಟ್ಟು ಎದ್ದ. “ನಾನೇನೂ ಮಾಡಿಲ್ಲ ತಾತ” ಎಂದ.

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರನ್ನೂ ಬೈದು ಪ್ರಯೋಜನವಿಲ್ಲ. ವೋಚರುಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬೇಕು. “ಹಾಗೇ ಹುಡುಕೋಣ ಬಾ” ಎಂದೆ.

ಮೊದಲು ಅವನೇ ನನಗೆ ಪಾಠ ಹೇಳಿದ. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ವಿಂಡೋಸ್ ಹೇಳಿದ್ದನ್ನು ಕಾರ್ಡಿಗೆ ತಿಳಿಯುವಂತೆ ಹೇಳುವ ದುಭಾಷಿ ತಂತ್ರಾಂಶವೇ ಡ್ರೈವರ್. ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಕಾರ್ಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನೂ ಡ್ರೈವರನ್ನೂ ಮತ್ತೆ ಶುರುಮಾಡುತ್ತದೆ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾದಿಂದ ಈ ಏರ್ಪಾಡು ಇದೆ. ಇಡೀ ಕಂಪ್ಯೂಟರ್ ಸ್ತಬ್ಧವಾಗುವುದು ಇದರಿಂದ ತಪ್ಪುತ್ತದೆ, ಆದರೆ ಆಟ ಹೆಚ್ಚಾಗಿ ಮುಚ್ಚಿಹೋಗುತ್ತದೆ.

ಕಂಪ್ಯೂಟರಿಗೂ ಒಂದು ಡೇ ಬುಕ್ ಇದೆ: ಈವೆಂಟ್ ವ್ಯೂವರ್. ಅವನು ತೆರೆದ, ನಾನು ಓದಿದೆ. ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿಕೊಂಡಿತೆಂದು ಹೇಳುವ 4101ನೇ ಸಂಖ್ಯೆಯ ನಮೂದು ಹಲವು ಬಾರಿ ಇತ್ತು. ಮೊದಲನೆಯದು ವಿಜಯದಶಮಿಯ ದಿನದ್ದು.

ಅದೇ ವಾರ ಡ್ರೈವರ್ ಹೊಸ ಆವೃತ್ತಿಗೆ ಬದಲಾಗಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಳೆಯದನ್ನೇ ತಂದೆವು. ಇಪ್ಪತ್ತು ನಿಮಿಷದಲ್ಲಿ ಪರದೆ ಮತ್ತೆ ಕಪ್ಪು! ಆ ವೋಚರಿಗೆ ಟಿಕ್ ಹಾಕಿದೆವು.

ಮುಂದಿನದು ಶಾಖ. ಆಟ ನಡೆಯುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಕಾರ್ಡಿನ ಉಷ್ಣತೆ 92 ಡಿಗ್ರಿ ಸೆಲ್ಸಿಯಸ್. ಬಗ್ಗಿ ಕ್ಯಾಬಿನೆಟ್ ಮುಟ್ಟಿದೆ. ಒಲೆಯ ಪಕ್ಕ ಕೈಯಿಟ್ಟಂತಿತ್ತು. ಆಗ ನನಗೆ ನೆನಪಾಯಿತು. ಆಯುಧಪೂಜೆಯ ದಿನ ಅದನ್ನು ಒರೆಸಿ, ಕುಂಕುಮವಿಟ್ಟು, ಧೂಳು ಕೂರದಿರಲಿ ಎಂದು ಮೇಜಿನ ಕೆಳಗಿನ ಗೂಡಿಗೆ ತಳ್ಳಿದವನು ನಾನೇ! ಹಿಂದೆ ಗೋಡೆ, ಪಕ್ಕದಲ್ಲಿ ಹಲಗೆ. ಬಿಸಿಗಾಳಿ ಹೋಗಲು ದಾರಿಯೇ ಇರಲಿಲ್ಲ.

ಪ್ಲಗ್ ಕಿತ್ತು, ಕ್ಯಾಬಿನೆಟನ್ನು ಹೊರಗೆಳೆದು ತೆರೆದೆವು. ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆವು. ಉಷ್ಣತೆ 74ಕ್ಕೆ ಇಳಿಯಿತು. ಒಂದು ಗಂಟೆ ಆಡಿದರೂ ಆಟ ನಿಲ್ಲಲಿಲ್ಲ. ಹೊಸ ಡ್ರೈವರನ್ನು ಮತ್ತೆ ಹಾಕಿ ನೋಡಿದೆವು. ಆಗಲೂ ಸರಿಯಾಗಿಯೇ ಇತ್ತು. ಡ್ರೈವರೂ ನಿರಪರಾಧಿ, ಹುಡುಗನೂ ನಿರಪರಾಧಿ.

ರಾತ್ರಿ ಮಗನನ್ನು ಕರೆದು, “ತಪ್ಪು ನನ್ನದಪ್ಪ, ಮಗುವನ್ನು ಬೈದುಬಿಟ್ಟೆವು” ಎಂದೆ. ಅವನು ಏನೂ ಹೇಳದೆ, ಪುಟ್ಟನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದ. ಭಾನುವಾರ ಕಂಪ್ಯೂಟರ್ ಎಲ್ಲಿಗೂ ಹೋಗಲಿಲ್ಲ.

ಮಕ್ಕಳೇ, ಇಂಥ ತೊಂದರೆ ಬಂದಾಗ ಒಮ್ಮೆಗೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯದು. ಕ್ಯಾಬಿನೆಟ್ ತೆರೆಯುವಾಗ ಹಿರಿಯರು ಜೊತೆಗಿರಲಿ. ಹಿರಿಯರೇ, ಲೆಕ್ಕ ತಪ್ಪಿದಾಗ ನಿಮ್ಮ ವೋಚರನ್ನೂ ಒಮ್ಮೆ ನೋಡಿಕೊಳ್ಳಿ.